ಆಲ್ಪ್ಸ್ ಪರ್ವತದ ಮಡಿಲಿನಲ್ಲಿ: ವಾಲೆ ಪ್ರಾಂತದ ಪರಿಚಯ

ಪರ್ವತವೆಂದೊಡನೆ ಭಾರತೀಯರಾದ ನಮ್ಮ ಕಣ್ಣಿಗೆ ಕಟ್ಟುವುದು ಹಿಮಾಲಯ. ಯುರೋಪಿನ ಜನರಿಗೆ ಆ ಸ್ಥಾನದಲ್ಲಿರುವುದು ಆಲ್ಪ್ಸ್ ಪರ್ವತಶ್ರೇಣಿ. ಎತ್ತರದಲ್ಲಿ ಅದು ಹಿಮಾಲಯಕ್ಕೆ ಸಮನಲ್ಲ, ವಿಸ್ತಾರದಲ್ಲಿಯೂ ಸಮನಲ್ಲ. ಆದರೆ ಮನುಷ್ಯನು ಪರ್ವತದೊಡನೆ ಎಷ್ಟು ನಿಕಟವಾಗಿ ಬಾಳಬಲ್ಲನು, ಅದರಿಂದ ಏನನ್ನು ಪಡೆಯಬಲ್ಲನು, ಅದಕ್ಕೆ ಎಷ್ಟು ಹೆದರಬೇಕಾಗುವುದು ಎಂಬುದನ್ನು ತಿಳಿಯಲು ಆಲ್ಪ್ಸ್ ಪ್ರದೇಶದಷ್ಟು ಒಳ್ಳೆಯ ಪಾಠಶಾಲೆ ಮತ್ತೊಂದಿಲ್ಲ. ಆ ಪ್ರದೇಶದ ಒಂದು ಚಿಕ್ಕ ನಾಡನ್ನು ವಿದ್ಯಾರ್ಥಿ ಮಿತ್ರರಿಗೆ ಪರಿಚಯ ಮಾಡಿಕೊಡುವುದು ಈ ಲೇಖನದ ಉದ್ದೇಶ. ಆ ನಾಡಿನ ಹೆಸರು ಫ್ರೆಂಚ್ ಭಾಷೆಯಲ್ಲಿ ವಾಲೆ. ಜರ್ಮನ್ ಭಾಷೆಯಲ್ಲಿ ವಾಲಿಸ್. ಎರಡೂ ಲ್ಯಾಟಿನ್ ಭಾಷೆಯ 'ಕಣಿವೆ' ಎಂಬ ಅರ್ಥದ ಪದದಿಂದ ಹುಟ್ಟಿದವು.

ಸ್ಥಾನ ಮತ್ತು ಸ್ವರೂಪ

ಸ್ವಿಟ್ಜರ್ಲೆಂಡ್ ದೇಶವು 26 ಪ್ರಾಂತಗಳ ಒಕ್ಕೂಟ. ಈ ಪ್ರಾಂತಗಳಿಗೆ ಅಲ್ಲಿ 'ಕ್ಯಾಂಟನ್' ಎಂದು ಹೆಸರು. ದೇಶದ ನೈಋತ್ಯ ಭಾಗದಲ್ಲಿ, ಇಟಲಿ ಮತ್ತು ಫ್ರಾನ್ಸ್ ದೇಶಗಳ ಗಡಿಗೆ ತಾಗಿಕೊಂಡು ವಾಲೆ ಪ್ರಾಂತವಿದೆ. ಅದರ ವಿಸ್ತೀರ್ಣವು ಸುಮಾರು 5,200 ಚದರ ಕಿಲೋಮೀಟರುಗಳು. ವಿಸ್ತೀರ್ಣದಲ್ಲಿ ಅದು ದೇಶದ ಮೂರನೆಯ ದೊಡ್ಡ ಪ್ರಾಂತ. ಫುರ್ಕಾ ಘಾಟಿಯ ಬಳಿಯ ರೋನ್ ಹಿಮನದಿಯಲ್ಲಿ ಹುಟ್ಟಿದ ರೋನ್ ನದಿಯು ಈ ಪ್ರಾಂತದ ಉದ್ದಕ್ಕೂ ನೈಋತ್ಯಾಭಿಮುಖವಾಗಿ ಹರಿದು, ಮಾರ್ಟಿನಿ ಎಂಬ ಪಟ್ಟಣದ ಬಳಿ ಥಟ್ಟನೆ ಉತ್ತರಕ್ಕೆ ತಿರುಗಿ, ಜಿನೀವಾ ಸರೋವರವನ್ನು ಸೇರುವುದು. ನದಿಯ ಎರಡು ದಡಗಳಲ್ಲಿಯೂ ಪರ್ವತಗಳು ಗೋಡೆಯಂತೆ ನಿಂತಿವೆ. 4,000 ಮೀಟರುಗಳನ್ನು ಮೀರಿದ ಶಿಖರಗಳೇ ನಲವತ್ತಕ್ಕೂ ಹೆಚ್ಚು. ಸ್ವಿಟ್ಜರ್ಲೆಂಡಿನ ಅತ್ಯುನ್ನತ ಶಿಖರವಾದ ಡೂಫೂರ್‌ಸ್ಪಿಟ್ಸೆ (4,634 ಮೀಟರು) ಇಲ್ಲಿಯೇ ಇದೆ.

ಈ ಪ್ರಾಂತದ ಪಶ್ಚಿಮ ಭಾಗದವರು ಫ್ರೆಂಚ್ ಭಾಷೆಯನ್ನೂ ಪೂರ್ವ ಭಾಗದವರು ಜರ್ಮನ್ ಭಾಷೆಯ ಒಂದು ಪ್ರಾಚೀನ ರೂಪವನ್ನೂ ಆಡುತ್ತಾರೆ. ಸಿಯೋನ್ ಎಂಬುದು ರಾಜಧಾನಿ. ಹನ್ನೆರಡನೆಯ ಮತ್ತು ಹದಿಮೂರನೆಯ ಶತಮಾನಗಳಲ್ಲಿ ಇಲ್ಲಿಯ ಜರ್ಮನ್ ಭಾಷಿಕರಲ್ಲಿ ಅನೇಕ ಕುಟುಂಬಗಳು ಹೊಸ ಹುಲ್ಲುಗಾವಲುಗಳನ್ನು ಅರಸುತ್ತ ಘಾಟಿಗಳನ್ನು ದಾಟಿ, ಇಂದಿನ ಇಟಲಿ, ಆಸ್ಟ್ರಿಯ ಮತ್ತು ಪೂರ್ವ ಸ್ವಿಟ್ಜರ್ಲೆಂಡಿನ ಎತ್ತರದ ಕಣಿವೆಗಳಲ್ಲಿ ನೆಲಸಿದುವು. ಅವರಿಗೆ 'ವಾಲ್ಸರ್' ಎಂದು ಹೆಸರಾಯಿತು. ಸುತ್ತಲೂ ಬೇರೆ ಭಾಷೆಯವರಿರುವಲ್ಲಿಯೂ ಅವರ ಕೆಲವು ಹಳ್ಳಿಗಳಲ್ಲಿ ಏಳುನೂರು ವರ್ಷಗಳ ತರುವಾಯ ಇಂದಿಗೂ ಮನೆಮಾತು ಉಳಿದು ಬಂದಿದೆ. ತಾಯ್ನಾಡಿನಿಂದ ದೂರದ ನಗರದಲ್ಲಿದ್ದು ಕನ್ನಡದಲ್ಲಿ ಓದುತ್ತಿರುವ ನಮಗೆ ಈ ಸಂಗತಿಯು ವಿಶೇಷವಾಗಿ ಪ್ರಿಯವಾಗತಕ್ಕದ್ದು.

ಇತಿಹಾಸದ ಹಾದಿ

ಇಟಲಿಯಿಂದ ಉತ್ತರ ಯುರೋಪಿಗೆ ಹೋಗುವವರು ಆಲ್ಪ್ಸ್ ಪರ್ವತವನ್ನು ದಾಟಲೇಬೇಕು. ದಾಟಲು ತಕ್ಕ ಘಾಟಿಗಳಲ್ಲಿ ಮುಖ್ಯವಾದ ಎರಡು, ಎಂದರೆ ಗ್ರೇಟ್ ಸೇಂಟ್ ಬರ್ನಾರ್ಡ್ ಮತ್ತು ಸಿಂಪ್ಲೋನ್, ಈ ಪ್ರಾಂತದಲ್ಲಿವೆ. ಆದುದರಿಂದ ವಾಲೆಯ ಇತಿಹಾಸವೆಂದರೆ ಬಹುಮಟ್ಟಿಗೆ ಈ ಘಾಟಿಗಳ ಇತಿಹಾಸವೇ ಆಗಿದೆ.

ಕ್ರಿ. ಪೂ. 57ರಲ್ಲಿ ರೋಮಿನ ಸೇನಾನಿ ಜೂಲಿಯಸ್ ಸೀಸರನು ವರ್ತಕರ ಮಾರ್ಗವನ್ನು ಸುರಕ್ಷಿತಗೊಳಿಸುವ ಸಲುವಾಗಿ ಗಾಲ್ಬಾ ಎಂಬ ದಳಪತಿಯನ್ನು ಇಲ್ಲಿಗೆ ಕಳುಹಿಸಿದನು. ಗಾಲ್ಬಾನು ಇಂದಿನ ಮಾರ್ಟಿನಿಯಾದ ಒಕ್ಟೊಡೂರಸ್ ಎಂಬ ಹಳ್ಳಿಯಲ್ಲಿ ಬೀಡುಬಿಟ್ಟಿದ್ದಾಗ ಬೆಟ್ಟಗಳ ಮೇಲಿನಿಂದ ಸ್ಥಳೀಯ ಬುಡಕಟ್ಟಿನವರು ಮುತ್ತಿಗೆ ಹಾಕಿದರು. ರೋಮನರು ಹೋರಾಡಿ ಗೆದ್ದರೂ ಅಲ್ಲಿ ಚಳಿಗಾಲವನ್ನು ಕಳೆಯುವ ಧೈರ್ಯವಿಲ್ಲದೆ ಹಿಂದಿರುಗಿದರು. ಅಗಸ್ಟಸ್ ಚಕ್ರವರ್ತಿಯ ಕಾಲದಲ್ಲಿ ಮಾತ್ರ ಈ ಕಣಿವೆಯು ರೋಮಿನ ವಶವಾಯಿತು. ರೋಮನರು ಮಾರ್ಟಿನಿಯಲ್ಲಿ ಕಟ್ಟಿದ ಅಂಡಾಕಾರದ ಕ್ರೀಡಾಂಗಣವು ಇಂದಿಗೂ ಇದೆ.

ಕ್ರಿ. ಶ. 999ರಲ್ಲಿ ಬರ್ಗಂಡಿಯ ದೊರೆ ಮೂರನೆಯ ರುಡಾಲ್ಫನು ಈ ನಾಡಿನ ಆಡಳಿತವನ್ನು ಸಿಯೋನಿನ ಬಿಷಪ್ಪರಿಗೆ ಒಪ್ಪಿಸಿದನು. ಅಂದಿನಿಂದ ಹಲವು ಶತಮಾನಗಳ ಕಾಲ ಬಿಷಪ್ಪರು ಧರ್ಮಗುರುಗಳೂ ಆಗಿ, ಪ್ರಭುಗಳೂ ಆಗಿದ್ದರು. ಜನರು ಕ್ರಮೇಣ ಅಧಿಕಾರವನ್ನು ತಮ್ಮ ಗ್ರಾಮಸಭೆಗಳ ಕೈಗೆ ತೆಗೆದುಕೊಂಡರು. ನೆಪೋಲಿಯನ್ನನು 1810ರಲ್ಲಿ ಈ ನಾಡನ್ನು ಫ್ರಾನ್ಸಿಗೆ ಸೇರಿಸಿಕೊಂಡನು. ಅವನ ಪತನಾನಂತರ 1815ರಲ್ಲಿ ವಾಲೆಯು ಸ್ವಿಸ್ ಒಕ್ಕೂಟದ ಒಂದು ಪ್ರಾಂತವಾಯಿತು.

ಘಾಟಿಯ ಮೇಲಿನ ಧರ್ಮಶಾಲೆ

ಗ್ರೇಟ್ ಸೇಂಟ್ ಬರ್ನಾರ್ಡ್ ಘಾಟಿಯು ಸಮುದ್ರಮಟ್ಟದಿಂದ 2,469 ಮೀಟರು ಎತ್ತರದಲ್ಲಿದೆ. ವರ್ಷದ ಬಹುಭಾಗ ಅಲ್ಲಿ ಹಿಮ ಕವಿದಿರುವುದು. ಹಿಂದಿನ ಕಾಲದಲ್ಲಿ ಕಾಲ್ನಡಿಗೆಯಲ್ಲಿ ದಾಟುತ್ತಿದ್ದ ಯಾತ್ರಿಕರು, ವರ್ತಕರು, ಕೂಲಿಗಾರರು ಹಿಮಪಾತದಲ್ಲಿ ದಾರಿತಪ್ಪಿ ಸಾಯುತ್ತಿದ್ದುದು ಸಾಮಾನ್ಯವಾಗಿತ್ತು. ಇದನ್ನು ಕಂಡು ಮರುಗಿದ ಬರ್ನಾರ್ಡ್ ಎಂಬ ಸಂತನು ಸುಮಾರು 1050ರಲ್ಲಿ ಘಾಟಿಯ ನೆತ್ತಿಯ ಮೇಲೆಯೇ ಒಂದು ಧರ್ಮಶಾಲೆಯನ್ನು ಸ್ಥಾಪಿಸಿದನು. ಬಂದವರು ಯಾರು, ಯಾವ ದೇಶದವರು, ಹಣವಂತರೋ ಬಡವರೋ ಎಂದು ಕೇಳದೆ ಅನ್ನ ಮತ್ತು ಆಶ್ರಯಗಳನ್ನು ನೀಡುವುದು ಅಲ್ಲಿಯ ಸಂನ್ಯಾಸಿಗಳ ವ್ರತ. ಸುಮಾರು ಒಂದು ಸಾವಿರ ವರ್ಷಗಳಿಂದ ಆ ವ್ರತವು ನಡೆದುಕೊಂಡು ಬಂದಿದೆ.

ಈ ಸಂನ್ಯಾಸಿಗಳು ಸಾಕಿದ ದೊಡ್ಡ ಗಾತ್ರದ ನಾಯಿಗಳು ಜಗತ್ಪ್ರಸಿದ್ಧವಾಗಿವೆ. ಹಿಮದಲ್ಲಿ ಹೂತುಹೋದವರನ್ನು ಅವು ವಾಸನೆಯಿಂದ ಪತ್ತೆಹಚ್ಚುತ್ತಿದ್ದುವು. ಬ್ಯಾರಿ ಎಂಬ ನಾಯಿಯು ನಲವತ್ತಕ್ಕೂ ಹೆಚ್ಚು ಜನರ ಪ್ರಾಣವನ್ನು ಉಳಿಸಿತೆಂದು ಹೇಳುತ್ತಾರೆ. 1814ರಲ್ಲಿ ಅದು ಸತ್ತ ಮೇಲೆ ಅದರ ದೇಹವನ್ನು ಬರ್ನ್ ನಗರದ ವಸ್ತುಸಂಗ್ರಹಾಲಯದಲ್ಲಿ ಕಾದಿರಿಸಿದ್ದಾರೆ. ಚಿತ್ರಗಳಲ್ಲಿ ಈ ನಾಯಿಗಳ ಕೊರಳಿಗೆ ಪುಟ್ಟದೊಂದು ಪೀಪಾಯಿಯನ್ನು ತೂಗುಹಾಕಿರುವುದನ್ನು ನೀವು ನೋಡಿರಬಹುದು. ಅದು ಚಿತ್ರಕಾರರ ಕಲ್ಪನೆಯಿಂದ ಪ್ರಚಾರಕ್ಕೆ ಬಂದ ಕಥೆ. ನಾಯಿಯ ನಿಜವಾದ ಸಾಧನಗಳು ಅದರ ಮೂಗು ಮತ್ತು ಪಂಜಗಳು.

1800ರ ಮೇ ತಿಂಗಳಲ್ಲಿ ನೆಪೋಲಿಯನ್ನನು ಸುಮಾರು 40,000 ಸೈನಿಕರೊಡನೆ ಈ ಘಾಟಿಯನ್ನು ದಾಟಿ ಇಟಲಿಗೆ ಇಳಿದನು. ಫಿರಂಗಿಗಳನ್ನು ಗಾಡಿಗಳಿಂದ ಬಿಚ್ಚಿ, ಟೊಳ್ಳು ಮಾಡಿದ ಮರದ ದಿಮ್ಮಿಗಳಲ್ಲಿ ಇಟ್ಟು, ಹಗ್ಗ ಕಟ್ಟಿ ಎಳೆದರು. ಪ್ರಸಿದ್ಧವಾದ ವರ್ಣಚಿತ್ರದಲ್ಲಿ ಅವನು ಮುಂಗಾಲೆತ್ತಿದ ಬಿಳಿಯ ಕುದುರೆಯ ಮೇಲೆ ಕುಳಿತಿದ್ದಾನೆ. ವಾಸ್ತವದಲ್ಲಿ ಅವನು ದಾಟಿದುದು ಹೇಸರಗತ್ತೆಯ ಮೇಲೆ, ದಾರಿ ಬಲ್ಲ ಹಳ್ಳಿಗನೊಬ್ಬನ ಹಿಂದೆ. ಚಕ್ರವರ್ತಿಯಾಗಲಿದ್ದವನಿಗೂ ಪರ್ವತದಲ್ಲಿ ಹಳ್ಳಿಗನೇ ಗುರು.

1964ರಲ್ಲಿ ಘಾಟಿಯ ಕೆಳಗೆ ರಸ್ತೆಯ ಸುರಂಗವು ತೆರೆಯಿತು. ಅದಕ್ಕೂ ಮೊದಲೇ, 1906ರಲ್ಲಿ, ಸಿಂಪ್ಲೋನ್ ಪರ್ವತವನ್ನು ಕೊರೆದು ಸುಮಾರು 20 ಕಿಲೋಮೀಟರು ಉದ್ದದ ರೈಲು ಸುರಂಗವನ್ನು ನಿರ್ಮಿಸಿದ್ದರು. ಎಪ್ಪತ್ತಕ್ಕೂ ಹೆಚ್ಚು ವರ್ಷಗಳವರೆಗೆ ಜಗತ್ತಿನ ಪರ್ವತಗಳಲ್ಲಿ ಅದಕ್ಕಿಂತ ಉದ್ದವಾದ ರೈಲು ಸುರಂಗವಿರಲಿಲ್ಲ.

ಹಿಮದ ನಡುವೆ ನೀರಿನ ಬರ

ಸುತ್ತಲೂ ಹಿಮಶಿಖರಗಳಿರುವ ನಾಡಿನಲ್ಲಿ ನೀರಿಗೆ ಕೊರತೆಯೇ ಎಂದು ನಿಮಗೆ ಆಶ್ಚರ್ಯವಾಗಬಹುದು. ಉತ್ತರ ಮತ್ತು ದಕ್ಷಿಣಗಳಲ್ಲಿರುವ ಎತ್ತರದ ಪರ್ವತಗಳು ಮೋಡಗಳನ್ನು ತಡೆಯುವುದರಿಂದ ಮಧ್ಯದ ಕಣಿವೆಗೆ ಮಳೆ ಬಹು ಕಡಿಮೆ. ಮುಂಬಯಿಯಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವುದು. ಸಿಯೋನಿನಲ್ಲಿ ಬೀಳುವುದು ಸುಮಾರು 600 ಮಿಲಿಮೀಟರು ಮಾತ್ರ. ಬೇಸಗೆಯಲ್ಲಿ ಹೊಲಗಳು ಒಣಗಿ ನಿಂತಿರುವಾಗ ಮೇಲೆ, ಬೆಟ್ಟದ ಸಂದಿನಲ್ಲಿ, ಹಿಮನದಿ ಕರಗಿದ ನೀರು ಭೋರ್ಗರೆದು ವ್ಯರ್ಥವಾಗಿ ಹರಿಯುತ್ತಿರುತ್ತದೆ. ಆ ನೀರನ್ನು ಹೊಲಕ್ಕೆ ತರುವುದು ಹೇಗೆ?

ಈ ಪ್ರಶ್ನೆಗೆ ಅಲ್ಲಿಯ ರೈತರು ಮಧ್ಯಯುಗದಲ್ಲಿಯೇ ಉತ್ತರವನ್ನು ಕಂಡುಕೊಂಡರು. ಬೆಟ್ಟದ ಮೈಯನ್ನು ಬಳಸಿಕೊಂಡು ಬರುವ ನೂರಾರು ಕಾಲುವೆಗಳನ್ನು ಅವರು ತೋಡಿದರು. ಫ್ರೆಂಚ್ ಭಾಷಿಕರು ಇದನ್ನು 'ಬಿಸ್' ಎಂದು ಕರೆಯುತ್ತಾರೆ. ಕಡಿದಾದ ಬಂಡೆ ಎದುರಾದಲ್ಲಿ ಬಂಡೆಗೆ ರಂಧ್ರಗಳನ್ನು ಕೊರೆದು, ಮರದ ತೊಲೆಗಳನ್ನು ನೆಟ್ಟು, ಅವುಗಳ ಮೇಲೆ ಹಲಗೆಯ ದೋಣಿಗಳನ್ನು ಜೋಡಿಸಿ ನೀರನ್ನು ಹರಿಸಿದರು. ಕೆಳಗೆ ನೂರಾರು ಮೀಟರು ಆಳದ ಕಮರಿ! ಈ ಕೆಲಸದಲ್ಲಿ ಪ್ರಾಣ ತೆತ್ತವರು ಅನೇಕರು. 1442ರಲ್ಲಿ ಕಟ್ಟಿದ ಆಯಾಂ ಗ್ರಾಮದ ಕಾಲುವೆಯ ಚಿತ್ರವನ್ನು ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ಬ್ಯಾಂಕು 2019ರಲ್ಲಿ ಹೊರಬಂದ ನೂರು ಫ್ರಾಂಕಿನ ನೋಟಿನ ಮೇಲೆ ಮುದ್ರಿಸಿದೆ.

ಕಾಲುವೆಯನ್ನು ಕಟ್ಟಿದುದಕ್ಕಿಂತಲೂ ಅದನ್ನು ಹಂಚಿಕೊಂಡ ರೀತಿಯು ಹೆಚ್ಚು ಸ್ವಾರಸ್ಯವಾದುದು. ಪ್ರತಿಯೊಂದು ಕುಟುಂಬಕ್ಕೂ ಇಂತಿಷ್ಟು ಗಂಟೆಗಳ ನೀರಿನ ಹಕ್ಕು. ಓದುಬರಹ ಬಾರದ ಕಾಲದಲ್ಲಿ ಈ ಹಕ್ಕನ್ನು ಮರದ ತುಂಡುಗಳ ಮೇಲೆ ಕುಟುಂಬದ ಚಿಹ್ನೆ ಮತ್ತು ಗೀರುಗಳ ಮೂಲಕ ಕೆತ್ತಿಡುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಕೆರೆಯ ನೀರನ್ನು ಗದ್ದೆಗಳಿಗೆ ಬಿಡಲು ನೀರುಗಂಟಿ ಇರುವಂತೆ ಅಲ್ಲಿಯೂ ಕಾಲುವೆಗೆ ಒಬ್ಬ ಕಾವಲುಗಾರನಿದ್ದನು. ಅವನಿಗೆ ನೆರವಾಗಲು ಒಂದು ಸರಳ ಯಂತ್ರವನ್ನು ಇಟ್ಟಿದ್ದರು. ಹರಿಯುವ ನೀರು ಒಂದು ಚಕ್ರವನ್ನು ತಿರುಗಿಸುವುದು. ಚಕ್ರವು ಮರದ ಸುತ್ತಿಗೆಯೊಂದನ್ನು ಎತ್ತಿ ಎತ್ತಿ ಹಲಗೆಯ ಮೇಲೆ ಬೀಳಿಸುವುದು. ಆ 'ಟಕ್ ಟಕ್' ಸದ್ದು ಬೆಟ್ಟದಲ್ಲಿ ಕೇಳುತ್ತಿರುವವರೆಗೆ ಕಾಲುವೆ ಕ್ಷೇಮ. ಸದ್ದು ನಿಂತಿತೋ, ಎಲ್ಲಿಯೋ ದೋಣಿ ಮುರಿದಿದೆ ಎಂದು ತಿಳಿದು ಕಾವಲುಗಾರನು ಓಡಬೇಕು. ಮಲಗಿದ್ದವನನ್ನು ಸದ್ದು ಎಬ್ಬಿಸುವುದು ವಾಡಿಕೆ. ಇಲ್ಲಿ ಅವನನ್ನು ಎಬ್ಬಿಸುತ್ತಿದ್ದುದು ನಿಶ್ಶಬ್ದ.

ಈ ನೀರಿನಿಂದಲೇ ಅಲ್ಲಿ ದ್ರಾಕ್ಷಿ, ಏಪ್ರಿಕಾಟ್ ಮತ್ತು ರೈ ಧಾನ್ಯ ಬೆಳೆದುವು. ಮುಂಡ್ ಎಂಬ ಹಳ್ಳಿಯಲ್ಲಿ, ನಮ್ಮ ಕಾಶ್ಮೀರದಲ್ಲಿರುವಂತೆ, ಕೇಸರಿಯನ್ನೂ ಬೆಳೆಯುತ್ತಾರೆ. ಆಲ್ಪ್ಸ್ ಪ್ರದೇಶದವೂ ಸೇರಿದಂತೆ ಯುರೋಪಿನ ಏಳು ದೇಶಗಳ ಇಂತಹ ಸಾಂಪ್ರದಾಯಿಕ ನೀರಾವರಿ ವಿಧಾನಗಳನ್ನು ಯುನೆಸ್ಕೋ ಸಂಸ್ಥೆಯು 2023ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅನೇಕ ಕಾಲುವೆಗಳ ದಂಡೆಯ ಮೇಲೆ ಇಂದು ಪ್ರವಾಸಿಗಳು ನಡೆದುಹೋಗಬಹುದು.

ಮ್ಯಾಟರ್‌ಹಾರ್ನ್ ಶಿಖರದ ಆರೋಹಣ

ತ್ಸೆರ್ಮಾಟ್ ಎಂಬ ಗ್ರಾಮದ ಮೇಲೆ, ಆಕಾಶವನ್ನು ತಿವಿಯುವ ಈಟಿಯಂತೆ, 4,478 ಮೀಟರು ಎತ್ತರದ ಮ್ಯಾಟರ್‌ಹಾರ್ನ್ ಶಿಖರವು ನಿಂತಿದೆ. ನಾಲ್ಕು ಮುಖಗಳ ಈ ಶಿಖರವನ್ನು ಏರುವುದು ಅಸಾಧ್ಯವೆಂದು ಬಹುಕಾಲ ಜನರು ನಂಬಿದ್ದರು. ಎಡ್ವರ್ಡ್ ವಿಂಪರ್ ಎಂಬ ಆಂಗ್ಲ ಯುವಕನು ಮತ್ತೆ ಮತ್ತೆ ಪ್ರಯತ್ನಿಸಿ ಸೋತು, ಕೊನೆಗೆ 1865ರ ಜುಲೈ 14ರಂದು ಆರು ಮಂದಿ ಸಂಗಡಿಗರೊಡನೆ ಶಿಖರವನ್ನು ಮುಟ್ಟಿದನು.

ಆದರೆ ವಿಜಯದ ಸಂತೋಷವು ಬಹಳ ಹೊತ್ತು ಉಳಿಯಲಿಲ್ಲ. ಇಳಿಯುವಾಗ ಏಳು ಮಂದಿಯೂ ಹಗ್ಗದಿಂದ ಒಬ್ಬರಿಗೊಬ್ಬರು ಕಟ್ಟಿಕೊಂಡಿದ್ದರು. ಅವರಲ್ಲಿ ಅನುಭವ ಕಡಮೆಯಾಗಿದ್ದ ಹ್ಯಾಡೋ ಎಂಬ ತರುಣನ ಕಾಲು ಜಾರಿತು. ಅವನು ತನ್ನ ಕೆಳಗಿದ್ದ ಮಾರ್ಗದರ್ಶಿ ಕ್ರೋನನ್ನು ಬೀಳಿಸಿದನು. ಅವರ ಭಾರವು ಹಡ್ಸನ್ ಮತ್ತು ಡಗ್ಲಾಸ್ ಎಂಬವರನ್ನು ಎಳೆಯಿತು. ಮೇಲಿದ್ದ ಮೂವರು ಬಂಡೆಯನ್ನು ಅಪ್ಪಿ ಹಿಡಿದರು. ಆ ಕ್ಷಣದಲ್ಲಿ ಹಗ್ಗವು ನಡುವೆ ತುಂಡಾಯಿತು. ನಾಲ್ವರು ಪಾತಾಳಕ್ಕೆ ಬಿದ್ದು ಮಡಿದರು. ವಿಂಪರನೂ, ತ್ಸೆರ್ಮಾಟಿನ ಮಾರ್ಗದರ್ಶಿಗಳಾದ ಟೌಗ್‌ವಾಲ್ಡರ್ ತಂದೆಮಕ್ಕಳೂ ಮಾತ್ರ ಉಳಿದರು. ಡಗ್ಲಾಸನ ದೇಹವು ಸಿಕ್ಕಲೇ ಇಲ್ಲ. ತುಂಡಾದ ಹಗ್ಗವು ತ್ಸೆರ್ಮಾಟಿನ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇದೆ. ಹೆಬ್ಬೆರಳಿನ ಗಾತ್ರವೂ ಇಲ್ಲದ ಆ ಹಗ್ಗದ ಮುಂದೆ ನಿಂತವರು ಗಟ್ಟಿಯಾಗಿ ಮಾತನಾಡುವುದಿಲ್ಲ. 1871ರಲ್ಲಿ ಲೂಸಿ ವಾಕರ್ ಎಂಬಾಕೆ ಈ ಶಿಖರವನ್ನು ಏರಿದ ಮೊದಲ ಮಹಿಳೆಯಾದಳು.

ಹಿಮನದಿಗಳು ಕಲಿಸಿದ ವಿಜ್ಞಾನ

ಹಿಮನದಿಯೆಂದರೆ ಏನು? ಎತ್ತರದಲ್ಲಿ ಚಳಿಗಾಲದಲ್ಲಿ ಬಿದ್ದ ಹಿಮವೆಲ್ಲವೂ ಬೇಸಗೆಯಲ್ಲಿ ಕರಗುವುದಿಲ್ಲ. ಉಳಿದುದರ ಮೇಲೆ ಮರುವರ್ಷದ ಹಿಮ ಬೀಳುವುದು. ಹೀಗೆ ಪದರದ ಮೇಲೆ ಪದರ ಸೇರಿ, ಮೇಲಿನ ಭಾರಕ್ಕೆ ಕೆಳಗಿನ ಹಿಮವು ಒತ್ತಿ ಗಟ್ಟಿಯಾಗಿ ನೀರ್ಗಲ್ಲಾಗುವುದು. ಆ ನೀರ್ಗಲ್ಲಿನ ರಾಶಿಯು ತನ್ನ ಭಾರದಿಂದಲೇ ಇಳಿಜಾರಿನಲ್ಲಿ ಮೆಲ್ಲಮೆಲ್ಲನೆ ಸರಿಯತೊಡಗುವುದು. ಸರಿಯುವಾಗ ಬಂಡೆಗಳನ್ನು ಉಜ್ಜಿ ಗೀರುತ್ತದೆ. ಕಲ್ಲುಗಳನ್ನು ಹೊತ್ತು ಕೆಳಗೆ ತಂದು ದಿಣ್ಣೆಗಳಾಗಿ ಸುರಿಯುತ್ತದೆ. ಮೇಲೆ ಸೇರುವ ಹಿಮ, ಕೆಳಗೆ ಕರಗುವ ನೀರು: ಇವೆರಡೂ ಸಮನಾಗಿದ್ದರೆ ಹಿಮನದಿ ಇದ್ದಲ್ಲಿಯೇ ಇರುವುದು. ಸೇರುವುದು ಹೆಚ್ಚಾದರೆ ಮುಂದುವರಿಯುವುದು. ಕರಗುವುದು ಹೆಚ್ಚಾದರೆ ಹಿಂಜರಿಯುವುದು. ಬ್ಯಾಂಕಿನ ಖಾತೆಯಲ್ಲಿ ಜಮೆ ಮತ್ತು ಖರ್ಚು ಇದ್ದಂತೆಯೇ ಇದೂ ಒಂದು ಲೆಕ್ಕ.

ಹಿಂದೊಮ್ಮೆ ಯುರೋಪಿನ ಬಹುಭಾಗವು ನೀರ್ಗಲ್ಲಿನಿಂದ ಮುಚ್ಚಿಹೋಗಿತ್ತೆಂಬ 'ಹಿಮಯುಗ'ದ ಸಿದ್ಧಾಂತವು ಬೆಳೆಯಲು ವಾಲೆಯ ಒಬ್ಬ ಬೇಟೆಗಾರನು ಕಾರಣನಾದನೆಂದರೆ ನೀವು ನಂಬುವಿರಾ? ಬಾನ್ಯ್ ಕಣಿವೆಯ ಪೆರೋಡಾನ್ ಎಂಬ ಈ ಬೇಟೆಗಾರನು ಹಿಮನದಿಗಳಿಂದ ಬಹುದೂರದಲ್ಲಿ ಇರುವ ಗೀರುಬಿದ್ದ ಬಂಡೆಗಳನ್ನು ನೋಡಿ, ಹಿಂದೆ ಹಿಮನದಿಗಳು ಇಡೀ ಕಣಿವೆಯನ್ನು ತುಂಬಿದ್ದುವೆಂದು ಊಹಿಸಿದನು. 1815ರಲ್ಲಿ ಅವನು ಇದನ್ನು ಹೇಳಿದಾಗ ವಿದ್ವಾಂಸರಾದ ಶಾರ್ಪಾಂಟಿಯೆ ನಂಬಲಿಲ್ಲ. 

ಮೂರು ವರ್ಷಗಳಾದ ಮೇಲೆ ಅದೇ ಕಣಿವೆಯಲ್ಲಿ ಒಂದು ಅನಾಹುತ ಸಂಭವಿಸಿತು. ಜಿಯೆತ್ರೊ ಹಿಮನದಿಯಿಂದ ಬಿದ್ದ ನೀರ್ಗಲ್ಲುಗಳು ನದಿಗೆ ಅಡ್ಡಗಟ್ಟಿ ದೊಡ್ಡ ಸರೋವರವಾಯಿತು. ಇಗ್ನಾಟ್ಸ್ ವೆನೆಟ್ಸ್ ಎಂಬ ಇಂಜಿನಿಯರನು ನೀರ್ಗಲ್ಲಿನಲ್ಲಿ ಸುರಂಗ ಕೊರೆಸಿ ನೀರಿನ ಒಂದು ಭಾಗವನ್ನು ಹೊರಬಿಡಿಸಿದನು. ಆದರೂ 1818ರ ಜೂನ್ 16ರಂದು ಒಡ್ಡು ಒಡೆದು, ಪ್ರವಾಹವು ಹಳ್ಳಿಗಳನ್ನು ಕೊಚ್ಚಿಕೊಂಡು ಹೋಯಿತು. ಸುಮಾರು ನಲವತ್ತು ಜನರು ಮಡಿದರು. ಹಿಮನದಿಗಳ ಅಧ್ಯಯನವನ್ನು ಕೈಬಿಡದ ವೆನೆಟ್ಸನಿಗೆ ಬೇಟೆಗಾರನ ಮಾತು ನಿಜವೆಂದು ತೋರಿತು. ಅವನು ಶಾರ್ಪಾಂಟಿಯೆಯವರನ್ನು ಒಪ್ಪಿಸಿದನು. ಅವರು ಲೂಯಿ ಅಗಾಸಿ ಎಂಬ ವಿಜ್ಞಾನಿಯನ್ನು ಒಪ್ಪಿಸಿದರು. ಅಗಾಸಿಯವರು 1837ರಲ್ಲಿ ಹಿಮಯುಗದ ಸಿದ್ಧಾಂತವನ್ನು ವಿದ್ವತ್ಸಭೆಯ ಮುಂದಿಟ್ಟರು. ಕಣ್ಣು ತೆರೆದು ನೋಡುವವನಿಗೆ ಪದವಿ ಇಲ್ಲದಿದ್ದರೂ ಸತ್ಯವು ಗೋಚರಿಸಬಲ್ಲುದು ಎಂಬುದಕ್ಕೆ ಇದು ನಿದರ್ಶನ.

ನೋಡತಕ್ಕ ಸ್ಥಳಗಳು

ಸಿಯೋನ್ ಪಟ್ಟಣದಲ್ಲಿ ಎರಡು ಗುಡ್ಡಗಳು ಎದುರುಬದುರಾಗಿ ನಿಂತಿವೆ. ಒಂದರ ಮೇಲೆ 1788ರ ಬೆಂಕಿಯಲ್ಲಿ ಹಾಳಾದ ತುರ್ಬಿಯೋನ್ ಕೋಟೆ. ಇನ್ನೊಂದರ ಮೇಲೆ ವಾಲೇರ್ ದೇವಾಲಯ. ದೇವಾಲಯದಲ್ಲಿ ಹದಿನೈದನೆಯ ಶತಮಾನದ ಆರ್ಗನ್ ವಾದ್ಯವಿದೆ. ಇಂದಿಗೂ ನುಡಿಸಬಹುದಾದ ಜಗತ್ತಿನ ಅತ್ಯಂತ ಹಳೆಯ ಆರ್ಗನ್‌ಗಳಲ್ಲಿ ಇದೂ ಒಂದು.

ತ್ಸೆರ್ಮಾಟ್ ಗ್ರಾಮಕ್ಕೆ 1891ರಲ್ಲಿ ರೈಲು ಬಂದಿತು. ಪ್ರವಾಸಿಗಳು ತಮ್ಮ ಮೋಟಾರುಗಳನ್ನು ಕೆಳಗಿನ ಟೇಶ್ ಗ್ರಾಮದಲ್ಲಿಯೇ ಬಿಟ್ಟು ಬರಬೇಕು. ಊರಿನೊಳಗೆ ಸಂಚರಿಸುವುವು ಪುಟ್ಟ ವಿದ್ಯುದ್ವಾಹನಗಳು. ಅಲ್ಲಿಂದ 1898ರಲ್ಲಿ ನಿರ್ಮಿಸಿದ ಹಲ್ಲುಹಳಿಯ ವಿದ್ಯುತ್ ರೈಲಿನಲ್ಲಿ ಕುಳಿತು 3,089 ಮೀಟರು ಎತ್ತರದ ಗೋರ್ನರ್‌ಗ್ರಾಟ್ ತಲುಪಬಹುದು. 1930ರಲ್ಲಿ ಆರಂಭವಾದ 'ಗ್ಲೇಸಿಯರ್ ಎಕ್ಸ್‌ಪ್ರೆಸ್' ಎಂಬ ರೈಲು ತ್ಸೆರ್ಮಾಟಿನಿಂದ ಸೇಂಟ್ ಮಾರಿಟ್ಸ್ ನಗರಕ್ಕೆ ಹೋಗಲು ಸುಮಾರು ಎಂಟು ಗಂಟೆಗಳನ್ನು ತೆಗೆದುಕೊಳ್ಳುತ್ತದೆ. ಹೆಸರು ಎಕ್ಸ್‌ಪ್ರೆಸ್ ಆದರೂ ನಡಿಗೆ ನಿಧಾನ. ಆದರೆ ಕಿಟಕಿಯ ಹೊರಗಿನ ನೋಟವನ್ನು ಕಂಡವರು ನಿಧಾನಕ್ಕಾಗಿ ದೂರುವುದಿಲ್ಲ.

ಡಿ ಎಂಬ ಕಣಿವೆಯಲ್ಲಿ 1961ರಲ್ಲಿ ಮುಗಿದ ಗ್ರಾಂಡ್ ಡಿಕ್ಸಾನ್ಸ್ ಅಣೆಕಟ್ಟು 285 ಮೀಟರು ಎತ್ತರವಾಗಿದೆ. ತನ್ನ ಭಾರದಿಂದಲೇ ನೀರನ್ನು ತಡೆಯುವ ಬಗೆಯ ಅಣೆಕಟ್ಟುಗಳಲ್ಲಿ ಇದು ಜಗತ್ತಿನಲ್ಲಿಯೇ ಅತ್ಯಂತ ಎತ್ತರವಾದುದು. ಹಲವು ಹಿಮನದಿಗಳ ನೀರನ್ನು ಸುರಂಗಗಳ ಮೂಲಕ ಇಲ್ಲಿಗೆ ತಂದು ವಿದ್ಯುತ್ತನ್ನು ಉತ್ಪಾದಿಸುತ್ತಾರೆ.

ಇಲ್ಲಿಯ ಜನರ ವಿಶಿಷ್ಟ ವಿನೋದವೆಂದರೆ ಹಸುಗಳ ಕಾಳಗ. ಎರಾಂ ತಳಿಯ ಕಪ್ಪು ಹಸುಗಳು ಬೇಸಗೆಯ ಹುಲ್ಲುಗಾವಲಿಗೆ ಏರುವಾಗ ಹಿಂಡಿನ ನಾಯಕತ್ವಕ್ಕಾಗಿ ಸ್ವಭಾವದಿಂದಲೇ ಕೊಂಬು ತಾಗಿಸುತ್ತವೆ. ಗೆದ್ದ ಹಸುವಿಗೆ 'ರಾಣಿ' ಎಂಬ ಬಿರುದು. ಮಾರ್ಟಿನಿಯ ರೋಮನ್ ಕ್ರೀಡಾಂಗಣದಲ್ಲಿಯೂ ಈ ಕಾಳಗ ನಡೆಯುತ್ತದೆ. ಜರ್ಮನ್ ಭಾಷೆಯ ಕವಿ ರಿಲ್ಕೆ ತಮ್ಮ ಕೊನೆಯ ವರ್ಷಗಳನ್ನು ಸಿಯೆರ್ ಬಳಿಯ ಒಂದು ಹಳೆಯ ಗೋಪುರದ ಮನೆಯಲ್ಲಿ ಕಳೆದರು; ರಾರೋನ್ ಗ್ರಾಮದ ಇಗರ್ಜಿಯ ಬಳಿ ಅವರ ಸಮಾಧಿಯಿದೆ.

ಭಾರತೀಯರಿಗೆ ಸ್ಮರಣೀಯವಾದ ಇನ್ನೊಂದು ಸ್ಥಳ ಸಾಸ್ ಕಣಿವೆ. 1896ರ ಬೇಸಗೆಯಲ್ಲಿ ಸ್ವಾಮಿ ವಿವೇಕಾನಂದರು ಲಂಡನ್ನಿನ ಉಪನ್ಯಾಸಗಳಿಂದ ಬಳಲಿ ವಿಶ್ರಾಂತಿಗಾಗಿ ಇಲ್ಲಿ ತಂಗಿದ್ದರು. ಇಲ್ಲಿಂದ ಅವರು ಬರೆದ ಪತ್ರಗಳು ಅವರ ಸಮಗ್ರ ಕೃತಿಗಳಲ್ಲಿ ಸೇರಿವೆ. ಜತೆಯಲ್ಲಿದ್ದವರು ಸೇವಿಯರ್ ದಂಪತಿಗಳು. ಹಿಮಾಲಯದಲ್ಲಿ ಒಂದು ಆಶ್ರಮವಿರಬೇಕೆಂಬ ಅವರ ಬಯಕೆಯು ಆಲ್ಪ್ಸ್ ಪರ್ವತಗಳ ನಡುವಿನ ಈ ಪ್ರವಾಸದಲ್ಲಿ ರೂಪುಗೊಂಡಿತು; 1899ರಲ್ಲಿ ಮಾಯಾವತಿಯ ಅದ್ವೈತಾಶ್ರಮವಾಗಿ ಅದು ಕೈಗೂಡಿತು. 2020ರ ಏಪ್ರಿಲಿನಲ್ಲಿ, ಕೋವಿಡ್ ರೋಗವು ಜಗತ್ತನ್ನೆಲ್ಲ ಆವರಿಸಿದ್ದಾಗ, ರಾತ್ರಿಯ ವೇಳೆ ಮ್ಯಾಟರ್‌ಹಾರ್ನ್ ಶಿಖರದ ಮೇಲೆ ಅನೇಕ ದೇಶಗಳ ಧ್ವಜಗಳನ್ನು ಬೆಳಕಿನಿಂದ ಮೂಡಿಸಿದರು. ಒಂದು ರಾತ್ರಿ ನಮ್ಮ ತ್ರಿವರ್ಣ ಧ್ವಜವೂ ಅಲ್ಲಿ ಬೆಳಗಿತು.

ಬದಲಾದ ಪ್ರಾರ್ಥನೆ

ಇನ್ನು ಈ ನಾಡಿನ ಅತ್ಯಂತ ಭವ್ಯವಾದ ದೃಶ್ಯದ ಮಾತು. ಅಲೆಟ್ಶ್ ಹಿಮನದಿಯು ಸುಮಾರು 20 ಕಿಲೋಮೀಟರು ಉದ್ದವಾಗಿದ್ದು, ಆಲ್ಪ್ಸ್ ಪರ್ವತದಲ್ಲೆಲ್ಲ ಅತ್ಯಂತ ದೊಡ್ಡದು. 2001ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಪ್ರದೇಶವನ್ನು ವಿಶ್ವಪರಂಪರೆಯ ತಾಣವೆಂದು ಸಾರಿತು. ಎಗ್ಗಿಸ್‌ಹಾರ್ನ್ ಶಿಖರದಿಂದ ನೋಡಿದರೆ ವಿಶಾಲವಾದ ಬಿಳಿಯ ರಾಜಮಾರ್ಗವೊಂದು ಪರ್ವತಗಳ ನಡುವೆ ತಿರುಗುತ್ತ ಇಳಿದು ಬರುವಂತೆ ಕಾಣುವುದು.

ಹದಿನೇಳನೆಯ ಶತಮಾನದಲ್ಲಿ ಯುರೋಪಿನಲ್ಲಿ ಚಳಿ ಹೆಚ್ಚಾಗಿ ಹಿಮನದಿಗಳು ಬೆಳೆಯುತ್ತಿದ್ದುವು. ಅಲೆಟ್ಶ್ ಹಿಮನದಿಯು ಕೆಳಗಿಳಿದು ಬರುತ್ತಿತ್ತು. ಅದರ ಬದಿಯ ಸರೋವರವು ಆಗಾಗ ಒಡೆದು ಹಳ್ಳಿಗಳಿಗೆ ನುಗ್ಗುತ್ತಿತ್ತು. 1678ರಲ್ಲಿ ಫೀಶ್ ಮತ್ತು ಫೀಶರ್‌ಟಾಲ್ ಗ್ರಾಮಗಳ ಜನರು ದೇವರ ಮುಂದೆ ಒಂದು ಹರಕೆಯನ್ನು ಹೊತ್ತರು: ತಾವು ಸನ್ಮಾರ್ಗದಲ್ಲಿ ಬಾಳುವೆವು, ಹಿಮನದಿಯು ಬೆಳೆಯದಂತೆ ಕಾಪಾಡಬೇಕು. ಅಂದಿನಿಂದ ತಲೆಮಾರುಗಳವರೆಗೆ ಆ ಪ್ರಾರ್ಥನೆ ನಡೆಯಿತು.

ಪ್ರಾರ್ಥನೆಯು ಫಲಿಸಿತೋ ಎಂಬಂತೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಹಿಮನದಿಯು ಹಿಂಜರಿಯತೊಡಗಿತು. ಇದುವರೆಗೆ ಅದು ಮೂರು ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿದೆ. 1877ರಲ್ಲಿ ಪರ್ವತಾರೋಹಿಗಳಿಗಾಗಿ ಕಟ್ಟಿದ ಕಾಂಕಾರ್ಡಿಯ ತಂಗುಮನೆಯು ಆಗ ಹಿಮನದಿಯ ಮಟ್ಟಕ್ಕಿಂತ ಸುಮಾರು 50 ಮೀಟರು ಮಾತ್ರ ಮೇಲಿತ್ತು. ಮನೆ ಇದ್ದಲ್ಲಿಯೇ ಇದೆ, ಹಿಮನದಿ ಕುಸಿದಿದೆ. ಇಂದು ಅಲ್ಲಿಗೆ ಹೋಗಬೇಕಾದರೆ ಬಂಡೆಗೆ ಬಿಗಿದ ನಾಲ್ಕುನೂರಕ್ಕೂ ಹೆಚ್ಚು ಕಬ್ಬಿಣದ ಮೆಟ್ಟಿಲುಗಳನ್ನು ಹತ್ತಬೇಕು. ಹಿಮನದಿ ಎಷ್ಟು ಕರಗಿದೆಯೆಂಬುದನ್ನು ಅಲ್ಲಿ ಪುಸ್ತಕದಿಂದ ತಿಳಿಯಬೇಕಾಗಿಲ್ಲ, ಮೊಣಕಾಲುಗಳೇ ಹೇಳುತ್ತವೆ.

1931ರಿಂದ 2016ರೊಳಗೆ ಸ್ವಿಟ್ಜರ್ಲೆಂಡಿನ ಹಿಮನದಿಗಳು ತಮ್ಮ ಗಾತ್ರದ ಸುಮಾರು ಅರ್ಧವನ್ನು ಕಳೆದುಕೊಂಡವು. 2022 ಮತ್ತು 2023 ಎರಡೇ ವರ್ಷಗಳಲ್ಲಿ ಉಳಿದುದರ ಹತ್ತರಲ್ಲೊಂದು ಪಾಲು ಕರಗಿತು. ಕಲ್ಲಿದ್ದಲು ಮತ್ತು ಎಣ್ಣೆಗಳನ್ನು ಉರಿಸುವುದರಿಂದ ವಾಯುಮಂಡಲದ ಉಷ್ಣತೆಯು ಏರುತ್ತಿರುವುದೇ ಇದಕ್ಕೆ ಮುಖ್ಯ ಕಾರಣ. ರೋನ್ ನದಿಯ ಮೂಲದಲ್ಲಿ ಪ್ರವಾಸಿಗಳಿಗಾಗಿ ಕೊರೆದ ಹಿಮದ ಗುಹೆಯನ್ನು ಉಳಿಸಲು ಹಿಮನದಿಯ ಮೇಲೆ ಬಿಳಿಯ ಕಂಬಳಿಗಳನ್ನು ಹೊದಿಸಿದರು. ರೋಗಿಯ ಮೇಲೆ ಹೊದಿಕೆ ಹಾಕಿದಂತೆ ಆ ದೃಶ್ಯವಿತ್ತು.

ಹಿಮನದಿಗಳು ಅಳಿದರೆ ನಷ್ಟ ನೋಟದ್ದು ಮಾತ್ರವಲ್ಲ. ಒಣ ಬೇಸಗೆಯಲ್ಲಿ ಕಾಲುವೆಗಳಿಗೆ ನೀರನ್ನು ಕೊಡುತ್ತಿದ್ದುವು ಅವೇ. ಹಿಮನದಿ ಕುಗ್ಗುವಾಗ ಮೊದಲು ನೀರು ಹೆಚ್ಚಾದಂತೆ ತೋರುವುದು. ಬಳಿಕ, ಬೇಕಾದ ತಿಂಗಳುಗಳಲ್ಲಿಯೇ, ಕಡಮೆಯಾಗುತ್ತ ಬರುವುದು. ಮೂಲಧನವನ್ನೇ ಖರ್ಚುಮಾಡುತ್ತಿರುವ ಮನೆಯ ಸ್ಥಿತಿ ಅದು.

ಇದನ್ನೆಲ್ಲ ಕಂಡ ಹಳ್ಳಿಗರಿಗೆ ತಮ್ಮ ಪೂರ್ವಿಕರ ಹರಕೆಯೇ ಈಗ ತಮಗೆ ವಿರುದ್ಧವಾಗಿದೆ ಎನ್ನಿಸಿತು. ಹರಕೆಯನ್ನು ತಾವಾಗಿ ಮುರಿಯುವಂತಿಲ್ಲ. 2009ರಲ್ಲಿ ಅವರು ರೋಮಿನ ಪೋಪ್ ಗುರುಗಳಲ್ಲಿ ಮೊರೆಯಿಟ್ಟರು. 2010ರಲ್ಲಿ ಅನುಮತಿ ದೊರೆಯಿತು. ಮೂರು ಶತಮಾನಗಳಿಂದ ಹಿಮನದಿಯು ಬೆಳೆಯದಿರಲೆಂದು ಬೇಡಿದ ಜನರು ಈಗ ಅದು ಅಳಿಯದಿರಲೆಂದು ಬೇಡುತ್ತಿದ್ದಾರೆ.

ಬ್ಲಾಟ್ಟೆನ್ ಗ್ರಾಮ

ಪರ್ವತದ ಭಯವು ಇಲ್ಲಿಯ ಜನರಿಗೆ ಹೊಸದಲ್ಲ. 1965ರ ಆಗಸ್ಟ್ 30ರಂದು ಸಾಸ್ ಕಣಿವೆಯ ಮಾಟ್‌ಮಾರ್ಕ್ ಅಣೆಕಟ್ಟನ್ನು ಕಟ್ಟುತ್ತಿದ್ದವರ ಬಿಡಾರದ ಮೇಲೆ ಆಲ್ಲಾಲಿನ್ ಹಿಮನದಿಯ ತುದಿಯು ಕಳಚಿ ಬಿದ್ದು 88 ಮಂದಿ ಮಡಿದರು. ಅವರಲ್ಲಿ ಹೆಚ್ಚಿನವರು ಹೊಟ್ಟೆಪಾಡಿಗಾಗಿ ಇಟಲಿಯಿಂದ ಬಂದ ಕೆಲಸಗಾರರು.

ಇತ್ತೀಚಿನ ದುರಂತ ನಡೆದುದು ಲಟ್ಶೆನ್ ಕಣಿವೆಯಲ್ಲಿ. ಚಳಿಗಾಲದ ಹಬ್ಬದಲ್ಲಿ ಚರ್ಮ ಹೊದ್ದು ಭಯಂಕರವಾದ ಮರದ ಮುಖವಾಡಗಳನ್ನು ಧರಿಸಿ ಕುಣಿಯುವುದಕ್ಕೆ ಈ ಕಣಿವೆಯವರು ಪ್ರಸಿದ್ಧರು. ಅಲ್ಲಿಯ ಬ್ಲಾಟ್ಟೆನ್ ಗ್ರಾಮದಲ್ಲಿ ಸುಮಾರು ಮುನ್ನೂರು ಜನರು ವಾಸಿಸುತ್ತಿದ್ದರು. 2025ರ ಮೇ ತಿಂಗಳಲ್ಲಿ ಗ್ರಾಮದ ಮೇಲಿನ ಬೆಟ್ಟದಿಂದ ಬಂಡೆಗಳು ಕಳಚಿ ಬಿರ್ಚ್ ಹಿಮನದಿಯ ಮೇಲೆ ಬೀಳತೊಡಗಿದುವು. ಭಾರಕ್ಕೆ ಹಿಮನದಿಯು ವೇಗವಾಗಿ ಸರಿಯುತ್ತಿರುವುದನ್ನು ಅಳೆದು ನೋಡಿದ ತಜ್ಞರು ಅಪಾಯವನ್ನು ಸಾರಿದರು. ಮೇ 19ರಂದು ಜನರನ್ನೂ ದನಕರುಗಳನ್ನೂ ಗ್ರಾಮದಿಂದ ಹೊರಡಿಸಿದರು. ಮೇ 28ರ ಅಪರಾಹ್ನ ಹಿಮನದಿಯೇ ಕುಸಿದು, ನೀರ್ಗಲ್ಲು, ಬಂಡೆ, ಕೆಸರುಗಳ ರಾಶಿಯು ಗ್ರಾಮದ ಹತ್ತರಲ್ಲಿ ಒಂಬತ್ತು ಪಾಲನ್ನು ಕ್ಷಣಾರ್ಧದಲ್ಲಿ ಮುಚ್ಚಿಹಾಕಿತು. ಉಳಿದ ಮನೆಗಳನ್ನು ಅಡ್ಡಗಟ್ಟಿ ನಿಂತ ನದಿಯ ನೀರು ಮುಳುಗಿಸಿತು. ಒಬ್ಬ ಮನುಷ್ಯನು ಪ್ರಾಣ ಕಳೆದುಕೊಂಡನು, ಉಳಿದವರೆಲ್ಲರೂ ಬದುಕಿಕೊಂಡರು. ಮನೆ, ಇಗರ್ಜಿ, ತಲೆಮಾರುಗಳ ನೆನಪುಗಳೆಲ್ಲ ಮಣ್ಣುಪಾಲಾದರೂ ತಮ್ಮ ಊರನ್ನು ಅದೇ ಕಣಿವೆಯಲ್ಲಿ ಮತ್ತೆ ಕಟ್ಟುವ ಸಂಕಲ್ಪವನ್ನು ಗ್ರಾಮಸ್ಥರು ಮಾಡಿದರು.

ಒಂಬತ್ತು ದಿನಗಳ ಮುಂಚೆ ಜನರು ಹೊರಟುದರಿಂದ ಮುನ್ನೂರು ಪ್ರಾಣಗಳು ಉಳಿದುವು. ಇದು ದೈವದ ಕೃಪೆಯೆಂದು ಹೇಳುವವರು ಹೇಳಲಿ. ಅದರ ಹಿಂದೆ ಬೆಟ್ಟವನ್ನು ದಿನವೂ ಗಮನಿಸಿ ಅಳೆಯುತ್ತಿದ್ದವರ ಶ್ರಮವಿತ್ತು, ಮತ್ತು ಹೇಳಿದ ಮಾತನ್ನು ಕೇಳಿ ಕೂಡಲೆ ಮನೆ ಬಿಟ್ಟವರ ವಿವೇಕವಿತ್ತು. ಬಂಡೆಯ ಮೇಲಿನ ಗೀರನ್ನು ಗಮನಿಸಿದ ಬೇಟೆಗಾರ, ಸುತ್ತಿಗೆಯ ಸದ್ದಿಗೆ ಕಿವಿಗೊಟ್ಟು ಮಲಗುತ್ತಿದ್ದ ಕಾವಲುಗಾರ, ಹಿಮನದಿಯನ್ನು ಅಳೆದ ತಜ್ಞ: ಈ ಮೂವರೂ ಒಂದೇ ಪಾಠಶಾಲೆಯ ವಿದ್ಯಾರ್ಥಿಗಳು.

ಹಿಮಾಲಯದ ಹಿಮನದಿಗಳೂ ಇಂದು ಹಿಂಜರಿಯುತ್ತಿವೆ. ಗಂಗೆಯೂ ಸಿಂಧುವೂ ಅವುಗಳ ನೀರನ್ನು ಉಂಡು ಹರಿಯುವ ನದಿಗಳು. ಆದುದರಿಂದ ವಾಲೆಯ ಕಥೆಯು ದೂರದೇಶದ ಕಥೆಯೆಂದು ನಾವು ತಿಳಿಯುವಂತಿಲ್ಲ. ಮುಂದೆ ನಿಮ್ಮಲ್ಲಿ ಯಾರಿಗಾದರೂ ಆ ನಾಡನ್ನು ನೋಡುವ ಅವಕಾಶವು ದೊರೆತರೆ, ಮ್ಯಾಟರ್‌ಹಾರ್ನ್ ಶಿಖರದ ಚಿತ್ರವನ್ನು ತೆಗೆದುಕೊಂಡು ಹಿಂದಿರುಗಬೇಡಿರಿ. ಯಾವುದಾದರೊಂದು ಹಳೆಯ ಕಾಲುವೆಯ ದಂಡೆಯ ಮೇಲೆ ಸ್ವಲ್ಪ ದೂರ ನಡೆಯಿರಿ. ಅಲ್ಲಿ ನೀರಿನ ಸುತ್ತಿಗೆಯ ಸದ್ದು ಕೇಳಿಸಿದರೆ ಒಂದು ನಿಮಿಷ ನಿಂತು ಆಲಿಸಿರಿ.